ಅವಾಟಿಮೆ ಬೆಟ್ಟದಲ್ಲಿ ಹೊಸ ಅಕ್ಕಿಯ ಕಾಲ

ಗುರುವಾರ: ಅಕ್ರಾದಿಂದ ಹೋ ಪಟ್ಟಣಕ್ಕೆ

ಘಾನಾದ ಪೂರ್ವದ ಅಂಚಿನಲ್ಲಿ, ಟೋಗೋ ಗಡಿಗೆ ತಾಗಿಕೊಂಡು ಒಂದು ಬೆಟ್ಟಸಾಲು ಇದೆ. ಅಲ್ಲಿನ ಏಳು ಊರುಗಳ ಜನ ಆಡುವ ಭಾಷೆಯೊಂದಿದೆ. ಹೊರಗಿನವರು ಅದನ್ನು ಅವಾಟಿಮೆ ಅನ್ನುತ್ತಾರೆ. ಊರಿನವರು ಸಿಯಾ ಅನ್ನುತ್ತಾರೆ. ಆಡುವವರು ಎಷ್ಟು ಮಂದಿ ಅಂದರೆ ಒಬ್ಬರು 15 ಸಾವಿರ ಅನ್ನುತ್ತಾರೆ, ಇನ್ನೊಬ್ಬರು 25 ಸಾವಿರದ ಹತ್ತಿರ ಅನ್ನುತ್ತಾರೆ. ನಾನು ಮಂಗಳೂರು ಕಡೆಯ ತುಳು ಮನೆಯಲ್ಲಿ ಬೆಳೆದವನು. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಅನ್ನುವುದು ನನಗೆ ಹೊಸದಲ್ಲ. ಕೆಲಸದ ಮೇಲೆ ಘಾನಾದ ರಾಜಧಾನಿ ಅಕ್ರಾಗೆ ಹೋಗುವುದು ಖಚಿತವಾದಾಗಲೇ, ಕೆಲಸ ಮುಗಿದ ಮೇಲೆ ಈ ಬೆಟ್ಟಕ್ಕೆ ಹೋಗಬೇಕೆಂದು ನಿರ್ಧರಿಸಿದ್ದೆ. ನವೆಂಬರ್ ಆಗಿದ್ದರಿಂದ ಭತ್ತದ ಕೊಯ್ಲೂ ಸಿಗುವ ಹಾಗಿತ್ತು.

ಟಿಕೆಟ್, ವೀಸಾ ಕಥೆ ಬೇಡ. ಒಂದು ಮಾತು ಮಾತ್ರ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮೊದಲೇ ಹಾಕಿಸಿಕೊಳ್ಳಿ. ಅಕ್ರಾದಲ್ಲಿ ಇಳಿದ ಕೂಡಲೇ ಲಸಿಕೆಯ ಹಳದಿ ಕಾರ್ಡ್ ಕೇಳುತ್ತಾರೆ.

ಅಕ್ರಾದಿಂದ ಹೋ ಪಟ್ಟಣಕ್ಕೆ ಟ್ರೋಟ್ರೋ ಹಿಡಿದೆ. ಟ್ರೋಟ್ರೋ ಅಂದರೆ ಮಿನಿ ವ್ಯಾನ್. ಸೀಟು ತುಂಬುವ ತನಕ ಅದು ಹೊರಡುವುದಿಲ್ಲ. ಬೆಳಗ್ಗೆ ಬೇಗ ಹೋದರೆ ಬೇಗ ತುಂಬುತ್ತದೆ. ನಗರ ದಾಟಿದ ಮೇಲೆ ರಸ್ತೆ ಚೆನ್ನಾಗಿದೆ. ಎರಡೂ ಕಡೆ ಒಣ ಹುಲ್ಲು, ನಡುವೆ ಮಾವು, ದೂರದಲ್ಲಿ ನೀಲಿ ಗುಡ್ಡಗಳು.

ಅಟಿಂಪೋಕುವಿನಲ್ಲಿ ಅಡೋಮಿ ಸೇತುವೆ ಸಿಗುತ್ತದೆ. ವೋಲ್ಟಾ ನದಿಯ ಮೇಲೆ ದೊಡ್ಡ ಕಬ್ಬಿಣದ ಕಮಾನು. 1957ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ತೆರೆದದ್ದು. ಅಲ್ಲಿಂದ ಸ್ವಲ್ಪ ಮೇಲೆ ಅಕೋಸೊಂಬೋ ಅಣೆಕಟ್ಟು ಇದೆ. ಅದರ ಹಿಂದಿನ ವೋಲ್ಟಾ ಸರೋವರ ಸುಮಾರು 8,500 ಚದರ ಕಿಲೋಮೀಟರ್ ಹರಡಿಕೊಂಡಿದೆ. ಗಾಡಿ ನಿಂತದ್ದೇ ತಡ, ತಲೆಯ ಮೇಲೆ ತಟ್ಟೆ ಹೊತ್ತ ಹೆಂಗಸರು ಕಿಟಕಿಗಳನ್ನು ಮುತ್ತಿಕೊಂಡರು. ಅಬೋಲೋ ಕೊಂಡೆ. ಹಬೆಯಲ್ಲಿ ಬೇಯಿಸಿದ ಜೋಳದ ಕಡುಬು, ಎಲೆಯಲ್ಲಿ ಸುತ್ತಿದ್ದು, ಸ್ವಲ್ಪ ಸಿಹಿ, ಸ್ವಲ್ಪ ಹುಳಿ. ಜೊತೆಗೆ ಗರಿಗರಿಯಾಗಿ ಹುರಿದ ಪುಟ್ಟ ಮೀನು. ಮೀನು ತಿನ್ನುವವರು ಇಲ್ಲಿ ಹೊಟ್ಟೆ ತುಂಬಾ ತಿಂದೇ ಮುಂದೆ ಹೋಗಬೇಕು. ತಿನ್ನದವರು ಊರೂರಲ್ಲೂ ರೆಡ್ ರೆಡ್ ಕೇಳಬಹುದು. ಅಲಸಂಡೆ ಕಾಳನ್ನು ತಾಳೆ ಎಣ್ಣೆಯಲ್ಲಿ ಬೇಯಿಸಿ, ಕರಿದ ಬಾಳೆಹಣ್ಣಿನ ಜೊತೆ ಕೊಡುತ್ತಾರೆ. ಮೀನು ಹಾಕಬೇಡಿ ಎಂದು ಮೊದಲೇ ಹೇಳಬೇಕು ಅಷ್ಟೆ.

ಪಕ್ಕದಲ್ಲಿ ಕೂತಿದ್ದ ವ್ಯಾಪಾರಿ ಹೆಂಗಸು ಎಲ್ಲಿಗೆ ಎಂದು ಕೇಳಿದರು. ಅವಾಟಿಮೆ ಎಂದೆ. "ಅಲ್ಲಿ ಚಳಿ. ಜನ ಒಳ್ಳೆಯವರು. ಅವರೂ ಎವೆ ಜನರೇ" ಅಂದರು. ಈ ಮಾತನ್ನು ಆಮೇಲೂ ಸುಮಾರು ಜನರಿಂದ ಕೇಳಿದೆ. ವೋಲ್ಟಾ ಪ್ರಾಂತದಲ್ಲಿ ಎವೆ ದೊಡ್ಡ ಭಾಷೆ. ಹಾಗಾಗಿ ಬೆಟ್ಟದವರನ್ನೂ ಅದರಲ್ಲೇ ಸೇರಿಸಿಬಿಡುತ್ತಾರೆ, ಸಿಯಾವನ್ನು ಎವೆಯ ಉಪಭಾಷೆ ಅನ್ನುತ್ತಾರೆ. ಹೇಳುವವರಿಗೆ ಕೆಟ್ಟ ಮನಸ್ಸೇನೂ ಇಲ್ಲ. ಆದರೆ ಸಣ್ಣ ಭಾಷೆಗೆ ಹೀಗೆ ಪ್ರೀತಿಯಿಂದಲೂ ಪೆಟ್ಟು ಬೀಳುತ್ತದೆ, ಅಲ್ವಾ?

ಹೋ ತಲುಪಿದಾಗ ಮಧ್ಯಾಹ್ನದ ಸುಡು ಬಿಸಿಲು. ಆ ರಾತ್ರಿ ಅಲ್ಲೇ ಉಳಿದೆ.

ಶುಕ್ರವಾರ: ವಾನೆ ಮೇಲಿಂದ ಆಮೆಡ್ಜೋಫೆ

ಬೆಟ್ಟಕ್ಕೆ ಹೋಗುವ ಶೇರ್ ಟ್ಯಾಕ್ಸಿ ಹುಡುಕಿದೆ. ಹಿಂದೆ ನಾಲ್ವರು, ಮುಂದೆ ಇಬ್ಬರು, ಡಿಕ್ಕಿಯಲ್ಲಿ ಈರುಳ್ಳಿ ಮೂಟೆ. ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಏರು ಶುರುವಾಯಿತು. ಕೆಂಪು ಮಣ್ಣು, ತಿರುವು, ಮತ್ತೆ ತಿರುವು. ಕೊಕ್ಕೋ ಗಿಡ, ಬಾಳೆ, ಬೆಣ್ಣೆಹಣ್ಣಿನ ಮರಗಳು ರಸ್ತೆಗೆ ಬಾಗಿದ್ದವು. ಅರ್ಧ ದಾರಿಯಲ್ಲಿ ಟಯರ್ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಡ್ರೈವರ್ ಎರಡನ್ನೂ ಹಾದುಹೋಗುವ ಬೈಕಿಗೆ ಕಟ್ಟಿಕೊಂಡು ಕೆಳಗೆ ಹೋದ. ನಾವೆಲ್ಲ ಮರದ ನೆರಳಲ್ಲಿ ಕೂತೆವು.

ಆ ಕಾಯುವಿಕೆಯಲ್ಲಿ ನನಗೆ ತುಂಬಾ ವಿಷಯ ಸಿಕ್ಕಿತು. ಆರು ಜನರಲ್ಲಿ ಇಬ್ಬರು ವಾನೆಯವರು, ಒಬ್ಬಾಕೆ ಗ್ಬಾಡ್ಜೆಮೆಗೆ ಮದುವೆಯಾಗಿ ಬಂದ ಎವೆ ಹೆಂಗಸು, ಒಬ್ಬ ಆಮೆಡ್ಜೋಫೆಯ ಹುಡುಗ. ವಾನೆಯ ಇಬ್ಬರು ತಮ್ಮತಮ್ಮಲ್ಲಿ ಸಿಯಾ ಆಡುತ್ತಿದ್ದರು. ಎವೆ ಹೆಂಗಸಿನ ಕಡೆ ತಿರುಗಿದ ಕೂಡಲೇ ಎವೆ. ಡ್ರೈವರ್ ಫೋನಿನಲ್ಲಿ ಘಾನಾದ ಇನ್ನೊಂದು ದೊಡ್ಡ ಭಾಷೆ ಟ್ವಿ. ನನ್ನ ಜೊತೆ ಇಂಗ್ಲಿಷ್. ಯಾರೂ ಒಂದು ಕ್ಷಣ ತಡವರಿಸಲಿಲ್ಲ. ಮದುವೆಯಾಗಿ ಬಂದಾಕೆ ಹೇಳಿದರು: "ಅತ್ತೆ ಹೊಲದಲ್ಲಿ ಸಿಯಾ ಬಿಟ್ಟು ಬೇರೆ ಮಾತಾಡಲ್ಲ. ಹಾಗಾಗಿ ಕಲಿತೆ. ಹೊಲದ ಕೆಲಸ ಕಲಿಯುವಾಗ ಮಾತೂ ಬಂತು."

ಏಳು ಊರುಗಳ ಹೆಸರನ್ನು ಅವರೇ ಬೆರಳು ಮಡಚಿ ಹೇಳಿಕೊಟ್ಟರು. ವಾನೆ, ಆಮೆಡ್ಜೋಫೆ, ಗ್ಬಾಡ್ಜೆಮೆ, ಬಿಯಾಕ್ಪಾ, ಡ್ಜೋಕ್ಪೆ, ಡ್ಜೋಗ್ಬೆಫೆಮೆ, ಫುಮೆ. ಇವುಗಳಲ್ಲಿ ವಾನೆ ಹಿರಿಯ ಊರು. ಅವಾಟಿಮೆಯ ದೊಡ್ಡ ಮುಖ್ಯಸ್ಥ, ಅವರು ಓಸಿಯೆ ಎಂದು ಕರೆಯುವವರು, ಇರುವುದು ಅಲ್ಲಿ.

ವಾನೆ ದಾಟಿ ಆಮೆಡ್ಜೋಫೆ ಸೇರಿದಾಗ ಗಾಳಿಯೇ ಬದಲಾಯಿತು. ಘಾನಾದಲ್ಲೇ ಅತಿ ಎತ್ತರದ ಊರು ಇದು ಎಂದು ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಸಂಜೆ ಸ್ವೆಟರ್ ಬೇಕೇ ಬೇಕು. ಪ್ರವಾಸಿಗಳು ಊರಿನ ಕಚೇರಿಯಲ್ಲಿ ಶುಲ್ಕ ಕಟ್ಟಿ, ಅಲ್ಲೇ ಗೈಡ್ ಕರೆದುಕೊಂಡು ಹೋಗಬೇಕು.

ಸಂಜೆ ಗೆಮಿ ಬೆಟ್ಟ ಹತ್ತಿದೆವು. ದೊಡ್ಡ ಏರೇನಲ್ಲ, ಮಕ್ಕಳೂ ಹತ್ತಬಹುದು. ತುದಿಯಲ್ಲಿ ಕಬ್ಬಿಣದ ಶಿಲುಬೆ ಇದೆ, 1939ರಲ್ಲಿ ನಿಲ್ಲಿಸಿದ್ದು. ಒಂದು ಕಡೆ ವೋಲ್ಟಾ ಸರೋವರದ ಬಿಳಿ ಗೆರೆ, ಇನ್ನೊಂದು ಕಡೆ ಟೋಗೋದತ್ತ ಸಾಲು ಸಾಲು ಬೆಟ್ಟ. ಗೈಡ್ ಹುಡುಗ ಕೈ ತೋರಿಸುತ್ತಾ ಹೋದ. ಕೆಳಗೆ ಆ ಕಡೆ ತಾಫಿ. ಅದರ ಪಕ್ಕ ಲೋಗ್ಬಾ. ಈ ಕಡೆ ನ್ಯಾಗ್ಬೋ. ಇನ್ನೂ ಉತ್ತರಕ್ಕೆ ಲಿಕ್ಪೆ, ಸಾಂತ್ರೋಕೋಫಿ, ಅಕ್ಪಾಫು. ಪ್ರತಿ ಹೆಸರೂ ಒಂದೊಂದು ಭಾಷೆ! ತಾಫಿಯನ್ನು ಆಡುವವರು ಐದು ಸಾವಿರವೂ ಇಲ್ಲ. ಘಾನಾ, ಟೋಗೋ, ಬೆನಿನ್ ಸೇರಿ ಇಂಥ 14 ಭಾಷೆಗಳನ್ನು ವಿದ್ವಾಂಸರು ಒಟ್ಟಿಗೆ ಇಡುತ್ತಾರೆ. 1912ರಲ್ಲಿ ಬರ್ನ್‌ಹಾರ್ಡ್ ಸ್ಟ್ರುಕ್ ಎಂಬ ಜರ್ಮನ್ ವಿದ್ವಾಂಸ ಇವಕ್ಕೆ ಟೋಗೋದ ಅಳಿದುಳಿದ ಭಾಷೆಗಳು ಎಂಬ ಹೆಸರಿಟ್ಟ. ಆ ಹೆಸರು ದಶಕಗಳ ಕಾಲ ಓಡಿತು. ಬೆಟ್ಟದ ಮೇಲೆ ನಿಂತು ನೋಡಿದ ನನಗೆ ಅದು ಅನ್ಯಾಯ ಅನಿಸಿತು. ಈಗ ಘಾನಾ-ಟೋಗೋ ಬೆಟ್ಟದ ಭಾಷೆಗಳು ಅನ್ನುತ್ತಾರೆ. ಅದೇ ಸರಿ.

ಶನಿವಾರ: ಓಟೆ ಜಲಪಾತ, ಆಮೇಲೆ ಅಕ್ಕಿ

ರಾತ್ರಿ ಮಳೆ ಬಂದಿತ್ತು. ಬೆಳಗ್ಗೆ ಕಿಟಕಿ ತೆರೆದರೆ ಎದುರು ಮನೆಯೂ ಕಾಣಿಸದಷ್ಟು ಮಂಜು. ಆದರೂ ಓಟೆ ಜಲಪಾತಕ್ಕೆ ಹೊರಟೆವು. ಮೊದಲು ಸುಲಭ ದಾರಿ. ಕೊನೆಯ ಭಾಗ ಮಾತ್ರ ಕಡಿದಾದ ಇಳಿಜಾರು. ಅಲ್ಲಿ ಹಗ್ಗ ಕಟ್ಟಿದ್ದಾರೆ, ಹಿಡಿದುಕೊಂಡು ಇಳಿಯಬೇಕು. ಮಣ್ಣು ನೆನೆದು ಜಾರುತ್ತಿತ್ತು. ಒಂದು ಕಡೆ ಕಾಲು ಸರಿದು ಹಗ್ಗದಲ್ಲೇ ನೇತಾಡಿದೆ. ಅಂಗೈ ಸುಲಿಯಿತು. ಗೈಡ್ ಯಾವುದೋ ಎಲೆ ಕಿತ್ತು, ಉಜ್ಜಿ ರಸ ಹಚ್ಚಿದ. ಮಳೆಯ ಮರುದಿನ ಹೋಗುವವರು ಹಿಡಿತ ಇರುವ ಶೂ ಹಾಕಿಕೊಳ್ಳಿ, ಚಪ್ಪಲಿ ಖಂಡಿತ ಬೇಡ. ಮರಗಳ ನಡುವೆ ನೀರು ಎರಡು ಹಂತದಲ್ಲಿ ಬೀಳುತ್ತದೆ. ಮುಖದ ಮೇಲೆ ತುಂತುರು ಬಿದ್ದಾಗ ಕೈ ಉರಿ ಮರೆತೇ ಹೋಯಿತು.

ವಾಪಸ್ ಹತ್ತುವಾಗ ಗೈಡ್ ಸಿಯಾದ ಬಗ್ಗೆ ಹೇಳುತ್ತಾ ಬಂದ. ಸಿಯಾದಲ್ಲಿ ಹೆಸರುಗಳೆಲ್ಲ ಗುಂಪು ಗುಂಪಾಗಿವೆ. ಒಂದೊಂದು ಗುಂಪಿನ ಪದಗಳಿಗೂ ಶುರುವಿನಲ್ಲಿ ಒಂದೊಂದು ಅಕ್ಷರ. ಬಹುವಚನ ಬಂದರೆ ನಮ್ಮ ಹಾಗೆ ಕೊನೆಯಲ್ಲಿ ಏನೂ ಸೇರುವುದಿಲ್ಲ, ಆ ಶುರುವಿನ ಅಕ್ಷರವೇ ಬದಲಾಗುತ್ತದೆ. ಎವೆಯಲ್ಲಿ ಈ ಗುಂಪುಗಳೇ ಇಲ್ಲ. ಸಿಯಾದ ಸ್ವರಗಳು ಒಂಬತ್ತು. ಒಂದು ಪದದೊಳಗೆ ಯಾವ ಸ್ವರದ ಜೊತೆ ಯಾವುದು ಬರಬಹುದು ಅನ್ನುವುದಕ್ಕೂ ನಿಯಮ ಇದೆ. ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಇದನ್ನೆಲ್ಲ ಅವನು ಶಾಲೆಯಲ್ಲಿ ಕಲಿತದ್ದಲ್ಲ. ಹಾಲೆಂಡಿನಿಂದ ಬಂದಿದ್ದ ಸಂಶೋಧಕರ ಜೊತೆ ಊರಿನ ಹಿರಿಯರು ಕೂತು ಮಾತಾಡುತ್ತಿದ್ದಾಗ ಪಕ್ಕದಲ್ಲಿ ಕೇಳಿಸಿಕೊಂಡದ್ದಂತೆ. ಸಿಯಾ ಎವೆಯ ಉಪಭಾಷೆ ಅನ್ನುವವರಿಗೆ ಈ ಹುಡುಗನ ಮಾತೇ ಉತ್ತರ.

ಮಧ್ಯಾಹ್ನ ಬಿಸಿಲು ಬಂತು. ವಾನೆ ಕಡೆಯ ಇಳಿಜಾರಿನ ಹೊಲಕ್ಕೆ ಕರೆದುಕೊಂಡು ಹೋದ. ನಾನು ಈ ಊರಿಗೆ ಬಂದದ್ದೇ ಇದಕ್ಕಾಗಿ.

ನಾವು ಬೆಳೆಯುವುದು ಏಷ್ಯಾದ ಭತ್ತ. ಆಫ್ರಿಕಾಕ್ಕೆ ಅದರದ್ದೇ ಆದ ಬೇರೆ ಭತ್ತ ಇದೆ. ಪಶ್ಚಿಮ ಆಫ್ರಿಕಾದ ರೈತರು ಸಾವಿರಾರು ವರ್ಷಗಳ ಹಿಂದೆ, ನಮ್ಮ ಭತ್ತದ ಸುಳಿವೂ ಇಲ್ಲದೆ, ಸ್ವಂತವಾಗಿ ಪಳಗಿಸಿದ ಜಾತಿ ಅದು. ಅವಾಟಿಮೆಯ ಕೆಂಪಕ್ಕಿ ಅದೇ. ಗದ್ದೆ ಇಲ್ಲ, ನಿಂತ ನೀರಿಲ್ಲ. ಕಾಡು ಕಡಿದು ಸುಟ್ಟ ಗುಡ್ಡದ ಓರೆಯಲ್ಲಿ ಬಿತ್ತುತ್ತಾರೆ, ಮಳೆಯಲ್ಲೇ ಬೆಳೆಯುತ್ತದೆ. ಕಾಳು ಸುಲಭವಾಗಿ ಉದುರುತ್ತದೆ. ಹಾಗಾಗಿ ಹೆಂಗಸರು ಚಿಕ್ಕ ಚೂರಿಯಲ್ಲಿ ತೆನೆ ತೆನೆಯಾಗಿ ಕೊಯ್ಯುತ್ತಿದ್ದರು. ಮಿಲ್ಲಿಗೆ ಹಾಕಿದರೆ ಅಕ್ಕಿ ನುಚ್ಚಾಗುತ್ತದೆ. ಇಳುವರಿ ಕಡಿಮೆ. ಇದೇ ಕಾರಣಕ್ಕೆ ಪಶ್ಚಿಮ ಆಫ್ರಿಕಾದ ಬಹಳಷ್ಟು ಕಡೆ ಇದನ್ನು ಬಿಟ್ಟು ಏಷ್ಯಾದ ತಳಿ ಹಿಡಿದರು. ಈ ಬೆಟ್ಟದವರು ಬಿಡಲಿಲ್ಲ.

ಹೊಲದಲ್ಲಿ ನಾಲ್ಕೈದು ಹೆಂಗಸರು, ಹಕ್ಕಿ ಓಡಿಸುತ್ತಿದ್ದ ಇಬ್ಬರು ಮಕ್ಕಳು. ಕೇಳಿಸಿದ್ದೆಲ್ಲ ಸಿಯಾ. ಗದರುವುದು, ನಗುವುದು, ಹಾಡಿನ ಒಂದು ಸಾಲು, ಎಲ್ಲ. ಒಬ್ಬ ಅಜ್ಜಿ ನನ್ನನ್ನು ನೋಡಿ ಏನೋ ಕೇಳಿದರು. ಗೈಡ್ ಇಂಗ್ಲಿಷಿಗೆ ತಂದ. ನಿನ್ನ ಊರಲ್ಲಿ ಅಕ್ಕಿ ಬೆಳೆಯುತ್ತಾರಾ? ಬೆಳೆಯುತ್ತಾರೆ, ಕೆಂಪು ಅಕ್ಕಿಯೂ ಇದೆ ಎಂದೆ. ಅವರಿಗೆ ಅಷ್ಟು ಸಾಕಾಯಿತು. ಮನೆಗೆ ಕರೆದರು.

ಮರದ ಒರಳಲ್ಲಿ ಇಬ್ಬರು ಸರದಿಯಂತೆ ಕುಟ್ಟಿದರು. ಮೊರದಲ್ಲಿ ಕೇರಿದರು. ಮಡಕೆಯಲ್ಲಿ ಬೆಂದ ಅನ್ನದ ಘಮ ಎದ್ದಾಗ ನನಗೆ ನಮ್ಮ ಮನೆಯ ಕುಚ್ಚಲಕ್ಕಿ ಗಂಜಿಯೇ ಎದುರಿಗೆ ಬಂದ ಹಾಗಾಯಿತು. ಕಡಲೆಕಾಯಿ ಸಾರು, ಬೆಣ್ಣೆಹಣ್ಣಿನ ತುಂಡು, ಖಾರದ ಮೆಣಸಿನ ಚಟ್ನಿ. ಅನ್ನ ಸ್ವಲ್ಪ ಅಂಟು, ಅಗಿದಷ್ಟೂ ರುಚಿ. ಎರಡು ಸಲ ಬಡಿಸಿಕೊಂಡೆ. ಅಜ್ಜಿಗೆ ಬಹಳ ಖುಷಿಯಾಯಿತು.

ನವೆಂಬರಿನಲ್ಲಿ ಇವರ ಅಮು ಹಬ್ಬ ಬರುತ್ತದೆ, ಹೊಸ ಅಕ್ಕಿಯ ಹಬ್ಬ. ಈ ಅಕ್ಕಿ ಬಿಟ್ಟರೆ ಹಬ್ಬ ಇಲ್ಲ. ಹಬ್ಬಕ್ಕೆ ಊರು ಬಿಟ್ಟವರೆಲ್ಲ ವಾಪಸ್ ಬರುತ್ತಾರೆ. ಅಕ್ರಾದಲ್ಲಿ ಹುಟ್ಟಿದ ಮೊಮ್ಮಕ್ಕಳು ಆ ವಾರ ಅಜ್ಜಿಯ ಮಾತು ಕೇಳುತ್ತಾರೆ. ಭಾಷೆಗೆ ಇಲ್ಲಿ ಮಾಡಲು ಕೆಲಸ ಇದೆ. ಬಿತ್ತಲು, ಕೊಯ್ಯಲು, ಕುಟ್ಟಲು, ಪೂರ್ವಜರಿಗೆ ಬಡಿಸಲು ಅದೇ ಬೇಕು. ಸಿಯಾ ಇಷ್ಟು ಗಟ್ಟಿಯಾಗಿ ಉಳಿದದ್ದು ಬೆಟ್ಟ ಮರೆಯಾಗಿ ನಿಂತದ್ದರಿಂದ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನಿಸಲಿಲ್ಲ. ಮರೆಯೇನೂ ಇರಲಿಲ್ಲ, ಎಲ್ಲರೂ ಇಲ್ಲಿಗೆ ಬಂದಿದ್ದಾರೆ. 1869ರಿಂದ 71ರವರೆಗಿನ ಯುದ್ಧದಲ್ಲಿ ಪಶ್ಚಿಮದ ಅಸಾಂಟೆ ರಾಜ್ಯದ ಸೈನ್ಯ ಬಂತು. ಆಮೇಲೆ ಜರ್ಮನ್ನರು, ಆಮೇಲೆ ಬ್ರಿಟಿಷರು ಬಂದರು. ಇವರ ಹಿರಿಯರೇ ದೂರದ ಪಶ್ಚಿಮ ಕರಾವಳಿಯ ಅಹಾಂಟಾದಿಂದ ಬಂದವರು ಎಂಬ ಕಥೆ ಮನೆಮನೆಯಲ್ಲಿದೆ.

ಭಾನುವಾರ: ಚರ್ಚು ಮತ್ತು ಮೇಷ್ಟ್ರು

ಭಾನುವಾರ ಬೆಟ್ಟದಲ್ಲಿ ಗಾಡಿ ಸಿಗುವುದಿಲ್ಲ. ಇದು ನೆನಪಿರಲಿ. ಶನಿವಾರವೇ ಇಳಿಯಿರಿ, ಇಲ್ಲವೇ ಸೋಮವಾರದ ತನಕ ಇರಿ. ನಾನು ಇರಲೆಂದೇ ಉಳಿದಿದ್ದೆ.

ಬೆಳಗ್ಗೆ ಚರ್ಚಿಗೆ ಹೋದೆ. ಬ್ರೆಮೆನ್ ಮಿಷನ್ ಎಂಬ ಜರ್ಮನ್ ಸಂಸ್ಥೆ 1847ರಲ್ಲಿ ಎವೆ ನಾಡಿಗೆ ಬಂತು, 1889ರಲ್ಲಿ ಆಮೆಡ್ಜೋಫೆಗೆ. ಕೆಳಗಿನ ಜ್ವರದಿಂದ ತಪ್ಪಿಸಿಕೊಳ್ಳಲು ಅವರಿಗೆ ಈ ತಂಪು ಬೇಕಿತ್ತು. ಹಾಡುಗಾರಿಕೆ ಮೈ ನವಿರೇಳಿಸುವಷ್ಟು ಚೆನ್ನಾಗಿತ್ತು. ಗಂಡಸರ ದಪ್ಪ ದನಿ, ಹೆಂಗಸರ ಏರು ದನಿ, ಪಕ್ಕದಲ್ಲಿ ಡೋಲು. ಆದರೆ ಹಾಡು ಎವೆಯಲ್ಲಿ. ಪ್ರಾರ್ಥನೆ ಎವೆಯಲ್ಲಿ. ಓದಿದ ಬೈಬಲ್ಲೂ ಎವೆಯದು. ಹೊರಗೆ ಮೆಟ್ಟಿಲಿಗೆ ಬಂದ ಕೂಡಲೇ ಅದೇ ಜನ ಸಿಯಾಗೆ ತಿರುಗಿದರು.

ನಿವೃತ್ತ ಮೇಷ್ಟ್ರೊಬ್ಬರು ಪಕ್ಕಕ್ಕೆ ಬಂದು ನಿಂತರು. ನಾನು ಇದನ್ನು ಗಮನಿಸಿದ್ದನ್ನು ಅವರೂ ಗಮನಿಸಿದ್ದರು. ಮನೆಗೆ ಕರೆದು ಟೀ ಕೊಟ್ಟರು. ಅಷ್ಟರಲ್ಲಿ ಮಳೆ ಶುರುವಾಯಿತು. ತಗಡಿನ ಮಾಡಿನ ಸದ್ದಿಗೆ ಜೋರಾಗಿ ಮಾತಾಡಬೇಕಾಯಿತು.

ಮಿಷನ್ನಿನವರು ಪ್ರತಿ ಬೆಟ್ಟದ ಭಾಷೆಗೂ ಪುಸ್ತಕ ಮಾಡಲಿಲ್ಲ. ಎವೆಯೊಂದನ್ನೇ ಆರಿಸಿ, ಅದಕ್ಕೆ ಬರವಣಿಗೆ, ಶಾಲಾಪುಸ್ತಕ, 1913ರಲ್ಲಿ ಪೂರ್ತಿ ಬೈಬಲ್ ಕೊಟ್ಟರು. ಅವಾಟಿಮೆಯ ಮಕ್ಕಳು ಎವೆಯಲ್ಲಿ ಅಕ್ಷರ ಕಲಿತರು. 1914ರಲ್ಲಿ ಜರ್ಮನ್ ಆಳ್ವಿಕೆ ಮುಗಿಯಿತು. ಈ ಭಾಗ ಬ್ರಿಟಿಷ್ ಟೋಗೋಲ್ಯಾಂಡ್ ಆಯಿತು. 1956ರಲ್ಲಿ ಮತ ಹಾಕಿ ಪಕ್ಕದ ಬ್ರಿಟಿಷ್ ವಸಾಹತು ಗೋಲ್ಡ್ ಕೋಸ್ಟ್ ಸೇರಿತು, ಮರುವರ್ಷ ಎಲ್ಲ ಸೇರಿ ಘಾನಾ ಆಯಿತು. ಧ್ವಜಗಳು ಬದಲಾದವು, ಶಾಲೆಯ ಎವೆ ಹಾಗೇ ಉಳಿಯಿತು. ಈಗ ಸರ್ಕಾರ ಶಾಲೆಗೆಂದು ಬೆಂಬಲಿಸುವ ಸ್ಥಳೀಯ ಭಾಷೆಗಳಲ್ಲಿ ಎವೆ ಇದೆ, ಸಿಯಾ ಇಲ್ಲ.

ನಾನು ಬಾಸೆಲ್ ಮಿಷನ್ ಹೆಸರು ಹೇಳಿದೆ. ಅವರ ಕಣ್ಣು ಅರಳಿತು. ಬ್ರೆಮೆನ್ ಮಿಷನ್ನಿನ ಎಷ್ಟೋ ಪಾದ್ರಿಗಳು ತರಬೇತಿ ಪಡೆದದ್ದು ಬಾಸೆಲ್‌ನ ಶಾಲೆಯಲ್ಲೇ. ನಮ್ಮ ಕಿಟೆಲ್, ಮೊಗ್ಲಿಂಗ್ ಕಲಿತ ಅದೇ ಶಾಲೆ! ಬಾಸೆಲ್‌ನವರು 1828ರಲ್ಲಿ ಗೋಲ್ಡ್ ಕೋಸ್ಟಿಗೆ, 1834ರಲ್ಲಿ ಮಂಗಳೂರಿಗೆ ಬಂದವರು. ಕಿಟೆಲ್‌ರ ಕನ್ನಡ ನಿಘಂಟು 1894ರದ್ದು. ಅದಕ್ಕೂ ಮೊದಲೇ, 1886ರಲ್ಲಿ, ಅದೇ ಮಿಷನ್ನಿನ ಮ್ಯಾನರ್ ತುಳುವಿಗೂ ನಿಘಂಟು ಮಾಡಿದ್ದರು. ತುಳುವಿಗೆ ಅಷ್ಟಾದರೂ ಸಿಕ್ಕಿತು. ಆಡುವವರೂ ಜಾಸ್ತಿ, 2011ರ ಜನಗಣತಿಯಲ್ಲಿ 18 ಲಕ್ಷ. ಅಂಥ ನಮ್ಮದೇ ಮಾತು ಶಾಲೆಯ ಒಳಗೆ ಕಾಲಿಡಲು ಎಷ್ಟು ತಡವಾಯಿತು ಎಂದು ಅವರಿಗೆ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಒಂದನೇ ಕ್ಲಾಸಿನ ಮಗು ಎವೆ ಪುಸ್ತಕ ತೆಗೆದು ಮಿಕಮಿಕ ನೋಡುತ್ತಿತ್ತು. ನಾನು ಬಾಗಿಲು ಹಾಕಿ ಸಿಯಾದಲ್ಲಿ ಪಾಠ ಹೇಳುತ್ತಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ಯಾರೂ ಪುಸ್ತಕವನ್ನೂ ಕೊಡಲಿಲ್ಲ."

ಎವೆಯ ಮೇಲೆ ಅವರಿಗೆ ಸಿಟ್ಟಿಲ್ಲ. ತಮಗೆ ಓದು ಕೊಟ್ಟ ಭಾಷೆ ಎಂದು ಗೌರವವೇ ಇದೆ. ಮೊದಲ ಎರಡು ವರ್ಷಕ್ಕಾದರೂ ಸಿಯಾದ ಓದುಪುಸ್ತಕ ಬೇಕು, ಅಷ್ಟೇ ಅವರ ಆಸೆ. ನನಗೂ ಅದು ಅತಿ ಆಸೆ ಅನಿಸಲಿಲ್ಲ.

ಸೋಮವಾರ: ಇಳಿಜಾರು, ಮಂಗಗಳು, ಲೋಗ್ಬಾ

ಬೆಳಗ್ಗೆ ನಡೆದೇ ಇಳಿದೆ. ಆಮೆಡ್ಜೋಫೆಯಿಂದ ಬಿಯಾಕ್ಪಾ, ಅಲ್ಲಿಂದ ಫುಮೆ. ರಸ್ತೆ ಕಡಿದಾಗಿದೆ, ಆದರೆ ಇಳಿಯುವವರಿಗೆ ಸಂತೋಷ. ಹೊತ್ತೇರುವ ಮೊದಲು ಹೊರಡಬೇಕು. ಫುಮೆಯಲ್ಲಿ ಹೊಹೋಯೆ ಪಟ್ಟಣದ ಕಡೆಯ ದೊಡ್ಡ ರಸ್ತೆ ಸಿಗುತ್ತದೆ. ಅಲ್ಲಿಂದ ಲೋಗ್ಬಾ ಅಲಕ್ಪೆಟಿಗೆ ಟ್ರೋಟ್ರೋ, ಅಲ್ಲಿಂದ ಬೈಕಿನಲ್ಲಿ ಸುಮಾರು 5 ಕಿಲೋಮೀಟರ್ ತಾಫಿ ಅಟೋಮೆ.

ತಾಫಿ ಅಟೋಮೆಯಲ್ಲಿ ಮೋನಾ ಮಂಗಗಳನ್ನು ದೇವರ ಮಂಗಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. ನಡುವೆ ಕಾಡು ಕಡಿದು ಅವುಗಳಿಗೆ ಕಷ್ಟವಾಗಿತ್ತು. 1993ರಿಂದ ಊರಿನವರೇ ಅಭಯಾರಣ್ಯ ನಡೆಸುತ್ತಿದ್ದಾರೆ. ಬಾಳೆಹಣ್ಣು ಗಟ್ಟಿಯಾಗಿ ಹಿಡಿದುಕೊಂಡರೆ ಮಂಗ ತೋಳಿನ ಮೇಲೆ ಕೂತು ಅಲ್ಲೇ ಸಿಪ್ಪೆ ಸುಲಿದು ತಿನ್ನುತ್ತದೆ. ಸಡಿಲ ಹಿಡಿದರೆ ಹಣ್ಣೂ ಇಲ್ಲ, ಮಂಗವೂ ಇಲ್ಲ. ಅಲ್ಲಿನ ಗೈಡ್ ಮನೆಯಲ್ಲಿ ತಾಫಿ ಆಡುವವಳು. ಬೆಟ್ಟದ ಮೇಲಿನ ಸಿಯಾ ನಿನಗೆ ಅರ್ಥವಾಗುತ್ತದಾ ಎಂದು ಕೇಳಿದೆ. "ಒಂದೊಂದು ಮಾತು" ಅಂದಳು. ಅವರು ಸಿಕ್ಕರೆ ಎವೆಯಲ್ಲೇ ಮಾತಂತೆ.

ಲೋಗ್ಬಾ ಅಲಕ್ಪೆಟಿಗೆ ವಾಪಸ್ ಬಂದು ಅಕ್ರಾ ಗಾಡಿಗೆ ಕಾದೆ. ಲೋಗ್ಬಾ ಭಾಷೆಗೆ ಕೋಫಿ ಡೋರ್ವ್ಲೋ ಎಂಬ ಘಾನಾದ ವಿದ್ವಾಂಸರು 2008ರಲ್ಲಿ ದೊಡ್ಡ ವ್ಯಾಕರಣ ಬರೆದಿದ್ದಾರೆ. ಅದೇ ಭಾಷೆಯಲ್ಲಿ ಅಲ್ಲಿ ಅನಾನಸ್ ಚೌಕಾಸಿ ನಡೆಯುತ್ತಿತ್ತು. ಬೆಂಚಿನಲ್ಲಿ ಹೊಹೋಯೆಯಲ್ಲಿ ಓದುವ ವಾನೆಯ ಹುಡುಗನೊಬ್ಬ ಕೂತಿದ್ದ. ಅಣ್ಣತಮ್ಮಂದಿರ ವಾಟ್ಸಾಪ್ ಗುಂಪಿಗೆ ಸಿಯಾದಲ್ಲಿ ಟೈಪ್ ಮಾಡುತ್ತಿದ್ದ. ಅಕ್ಷರ ಎಲ್ಲಿಂದ ಎಂದು ಕೇಳಿದೆ. ಶಾಲೆಯಲ್ಲಿ ಕಲಿತ ಎವೆ ಅಕ್ಷರವೇ. ಸಿಯಾಗೆ ಒಂಬತ್ತು ಸ್ವರ ಬೇಕು, ಎವೆಯಿಂದ ಸಿಗುವುದು ಏಳು. ಉಳಿದ ಎರಡಕ್ಕೆ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರಂತೆ. ಓದುವವನು ಸಂದರ್ಭ ನೋಡಿ ಊಹಿಸಬೇಕು. ಅಜ್ಜಿಗೆ ಮಾತ್ರ ವಾಯ್ಸ್ ಮೆಸೇಜ್.

ಹಬ್ಬದ ವಾರ ಬಾ ಅಂದ. ನನ್ನ ವಿಮಾನ ಅದಕ್ಕೂ ಮುಂಚೆ ಇತ್ತು. ಹೋಗುವ ಆಸೆ ಇರುವವರು ದಿನಾಂಕವನ್ನು ಮೊದಲೇ ಆಮೆಡ್ಜೋಫೆಯ ಕಚೇರಿಯಲ್ಲಿ ಕೇಳಿಕೊಳ್ಳಿ. ಆ ವಾರ ಅಕ್ರಾದಿಂದ ಮನೆಯವರೆಲ್ಲ ಬರುವುದರಿಂದ ಕೋಣೆ ಸಿಗುವುದು ಕಷ್ಟ. ಅಕ್ಕಿ ಬೇಕಾದರೆ ಅಂಗಡಿಯಲ್ಲಿ ಹುಡುಕಬೇಡಿ, ವಾನೆಯ ಮನೆಗಳಲ್ಲಿ ಕೇಳಿ. ಕುಟ್ಟಿ ಕೊಡಲು ಹೊತ್ತು ಹಿಡಿಯುತ್ತದೆ, ಅಲ್ಲಿಯ ತನಕ ಊಟಕ್ಕೆ ಕೂರಿಸುತ್ತಾರೆ.